ಎಲ್ಲ ಧರ್ಮವೂ ಒಂದೇ ಅನ್ನುವುದನ್ನು ಒಪ್ಪದ ರಮಾಬಾಯಿ

ಎಲ್ಲ ಧರ್ಮಗಳೂ ಹೇಳೋದು ಒಂದನ್ನೇ ಅನ್ನುವ ಮಾತು ನಮ್ಮಲ್ಲಿ ಹೆಚ್ಚಾಗಿ ಎರಡು ಕಡೆ ಕೇಳಿಸುತ್ತದೆ. ಒಂದು, ಗಲಭೆ ಮುಗಿದ ಮೇಲೆ ನಡೆಯುವ ಶಾಂತಿ ಸಭೆಯಲ್ಲಿ. ಇನ್ನೊಂದು, ಯಾರಾದರೂ ಧರ್ಮ ಬದಲಿಸುತ್ತೇನೆ ಅಂದಾಗ. ಮೊದಲನೇ ಕಡೆ ಅದು ಕೈ ಹಿಡಿಯುವ ಮಾತು. ಎರಡನೇ ಕಡೆ ಅದೇ ಮಾತು ಬಾಗಿಲಿಗೆ ಹಾಕುವ ಚಿಲಕ. ಎಲ್ಲವೂ ಒಂದೇ ಆದಮೇಲೆ ನೀನು ಹೋಗೋದಾದರೂ ಯಾಕೆ? ಯಾರೋ ಆಮಿಷ ಒಡ್ಡಿರಬೇಕು, ಇಲ್ಲಾ ನಿನಗೆ ಬುದ್ಧಿ ಇಲ್ಲ.

ನಾನು ಕ್ರೈಸ್ತ ಮನೆಯಲ್ಲಿ ಬೆಳೆದವನು. ಇಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಎಲ್ಲಾ ಒಂದೇ ಮಗಾ ಅಂತ ಹೆಗಲ ಮೇಲೆ ಕೈ ಹಾಕಿ ಹೇಳುತ್ತಿದ್ದ ಗೆಳೆಯರಿದ್ದರು. ಅವರ ಪ್ರೀತಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಆ ಮಾತು ನಿಜವಾ ಅನ್ನೋದು ಬೇರೆಯೇ ಪ್ರಶ್ನೆ. ಆ ಪ್ರಶ್ನೆಗೆ ಪುಸ್ತಕದಲ್ಲಿ ಮಾತ್ರವಲ್ಲ, ಬದುಕಿನಲ್ಲೂ ಉತ್ತರ ಹುಡುಕಿ ಅದಕ್ಕೆ ದುಬಾರಿ ಬೆಲೆ ತೆತ್ತ ಒಬ್ಬ ಹೆಂಗಸು ಹುಟ್ಟಿದ್ದು ನಮ್ಮದೇ ಘಟ್ಟದಲ್ಲಿ. ಮಹಾರಾಷ್ಟ್ರದವರು ಅಂತಲೇ ನಮ್ಮಲ್ಲಿ ಹಲವರು ಅಂದುಕೊಂಡಿರುವ ಪಂಡಿತಾ ರಮಾಬಾಯಿ ಅವರು.

1858ರ ಏಪ್ರಿಲ್ 23ರಂದು ಅವರು ಹುಟ್ಟಿದ್ದು ಗಂಗಾಮೂಲದ ಕಾಡಿನಲ್ಲಿ. ಕಾರ್ಕಳ ಕಡೆಯವರಿಗೆ ಮಾಳ ಅಂದರೆ ಗೊತ್ತಾಗುತ್ತದೆ, ಆ ಸೀಮೆ. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಚಿತ್ಪಾವನ ಬ್ರಾಹ್ಮಣ, ದೊಡ್ಡ ಸಂಸ್ಕೃತ ವಿದ್ವಾಂಸ. ಎಲ್ಲ ವಿಷಯದಲ್ಲೂ ಕಟ್ಟಾ ಸಂಪ್ರದಾಯಸ್ಥ, ಒಂದನ್ನು ಬಿಟ್ಟು. ಹೆಂಡತಿ ಲಕ್ಷ್ಮೀಬಾಯಿಗೆ ಅವರು ಸಂಸ್ಕೃತ ಕಲಿಸಿದರು. ಊರು ಸುಮ್ಮನಿರುತ್ತದೆಯೇ? ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ವಿವರಣೆ ಕೊಡಬೇಕಾಯಿತು. ಹೆಣ್ಣಿಗೆ ಸಂಸ್ಕೃತ ಕಲಿಸಲು ಶಾಸ್ತ್ರದಲ್ಲಿ ಅಡ್ಡಿಯಿಲ್ಲ ಎಂದು ಶಾಸ್ತ್ರದಿಂದಲೇ ಉದಾಹರಣೆ ತೆಗೆದು ವಾದಿಸಿದರು. ಹಾಗಂತ ಅವರಿಗೂ ಒಂದು ಗೆರೆ ಇತ್ತು. ಪುರಾಣ, ಕಾವ್ಯ, ವ್ಯಾಕರಣ ಸರಿ, ವೇದ ಮಾತ್ರ ಹೆಂಗಸರಿಗೆ ಇಲ್ಲ.

ಮಗುವಿಗೆ ಆರು ತಿಂಗಳಾದಾಗ ಸಂಸಾರ ಕಾಡು ಬಿಟ್ಟಿತು. ಬೆತ್ತದ ಪೆಟ್ಟಿಗೆಯಲ್ಲಿ ಮಗುವನ್ನು ಮಲಗಿಸಿಕೊಂಡು ಘಟ್ಟ ಇಳಿದರು. ಆಮೇಲೆ ಹದಿನಾರು ವರ್ಷ ನಿಂತ ನೆಲವಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ಅಲೆಯುತ್ತಾ ಪುರಾಣ ಹೇಳುವುದೇ ಜೀವನೋಪಾಯ. ಪಾಠ ಹೇಳಿದ್ದು ತಾಯಿ. ಭಾಗವತದ ಸಾವಿರಾರು ಶ್ಲೋಕ ಬಾಯಿಗೆ ಬಂದವು, ದಾರಿಯಲ್ಲಿ ಕನ್ನಡ, ಹಿಂದಿ ಬಂದವು. ಜೊತೆಗೆ ಬಂದದ್ದು ಬರಗಾಲ. 1874ರ ಹೊತ್ತಿಗೆ ಮದ್ರಾಸ್ ಪ್ರಾಂತ್ಯದಲ್ಲಿ ಹೊಟ್ಟೆಗಿಲ್ಲದೆ ತಂದೆ ತೀರಿಕೊಂಡರು, ಸ್ವಲ್ಪ ದಿನಕ್ಕೆ ತಾಯಿ, ಆಮೇಲೆ ಅಕ್ಕ. ಇದ್ದ ದುಡ್ಡನ್ನೆಲ್ಲ ದಾನ, ವ್ರತ, ಪೂಜೆಗೆ ಹಾಕಿ ದೇವರು ಕೈಬಿಡುವುದಿಲ್ಲ ಎಂದು ಕಾದಿದ್ದ ಕುಟುಂಬ ಅದು. ಕೂಲಿ ಮಾಡಲು ಯಾರಿಗೂ ಬರುತ್ತಿರಲಿಲ್ಲ, ಬೇಡಲು ಮಾನ ಬಿಡುತ್ತಿರಲಿಲ್ಲ. ಉಳಿದವರು ಅಣ್ಣ ಶ್ರೀನಿವಾಸ ಮತ್ತು ರಮಾ. ಇಬ್ಬರೂ ಸಾವಿರಾರು ಮೈಲಿ ನಡೆದು ಉತ್ತರದ ಉದ್ದಗಲ ಸುತ್ತಿ 1878ರಲ್ಲಿ ಕಲ್ಕತ್ತಾ ತಲುಪಿದರು.

ಕಲ್ಕತ್ತಾದ ವಿದ್ವಾಂಸರು ಇಪ್ಪತ್ತು ವರ್ಷದ ಈ ಹುಡುಗಿಯನ್ನು ಪರೀಕ್ಷಿಸಿ ಬೆರಗಾದರು. ಪಂಡಿತಾ, ಸರಸ್ವತಿ ಎಂಬ ಬಿರುದು ಸಿಕ್ಕವು. ಆ ಊರಿನಲ್ಲೇ ಅವರು ಮೊದಲ ಸಲ ಕ್ರೈಸ್ತರ ಸಭೆಯೊಂದಕ್ಕೆ ಹೋದದ್ದು. ಜನ ಕುರ್ಚಿಗಳ ಕಡೆ ಮುಖ ಮಾಡಿ ಮಂಡಿಯೂರಿದ್ದು ಕಂಡು, ಇವರ ದೇವರು ಕುರ್ಚಿ ಇರಬೇಕು ಅಂದುಕೊಂಡರಂತೆ. ಸಂಸ್ಕೃತ ಬೈಬಲ್ ಕೊಟ್ಟರು. ಸಂಸ್ಕೃತವೇ ತಾಯಿಭಾಷೆಯಷ್ಟು ಹತ್ತಿರವಿದ್ದ ರಮಾಬಾಯಿಗೆ ಅದರ ತಲೆಬುಡ ತಿಳಿಯಲಿಲ್ಲ. ಎಲ್ಲ ಧರ್ಮಗಳೂ ಒಂದೇ ಅನ್ನುವವರು ಈ ಪ್ರಸಂಗವನ್ನು ಒಮ್ಮೆ ಯೋಚಿಸಬೇಕು. ಪದಗಳೆಲ್ಲ ಪರಿಚಿತ, ಹೇಳುತ್ತಿರುವುದು ಮಾತ್ರ ಅಪರಿಚಿತ.

ಅದೇ ಕಾಲದಲ್ಲಿ, ಹೆಂಗಸರಿಗೆ ಸ್ತ್ರೀಧರ್ಮದ ಬಗ್ಗೆ ಉಪನ್ಯಾಸ ಕೊಡಿ ಎಂದು ಅವರನ್ನು ಕೇಳಿಕೊಳ್ಳಲಾಯಿತು. ಅದಕ್ಕಾಗಿ ಧರ್ಮಶಾಸ್ತ್ರಗಳನ್ನು ಓದಲು ಕೂತರು. ಆಮೇಲೆ, 1907ರಲ್ಲಿ ಬರೆದ ಆತ್ಮಕಥನದಲ್ಲಿ, ಆ ಓದಿನಲ್ಲಿ ಕಂಡದ್ದನ್ನು ಹೇಳಿದ್ದಾರೆ. ಗ್ರಂಥಗಳು ಒಂದನ್ನೊಂದು ಒಪ್ಪುತ್ತಲೇ ಇರಲಿಲ್ಲ. ಯಾವ ದೇವರು ದೊಡ್ಡವನು, ಯಾವ ವ್ರತದಿಂದ ಏನು ಫಲ, ಎಲ್ಲದರಲ್ಲೂ ಜಗಳ. ಎಲ್ಲವೂ ಒಮ್ಮತದಿಂದ ಹೇಳಿದ್ದು ಎರಡೇ ಸಂಗತಿ. ಹೆಣ್ಣು, ಜಾತಿ ಯಾವುದೇ ಇರಲಿ, ಸ್ವಭಾವದಿಂದಲೇ ಕೆಟ್ಟವಳು, ಗಂಡಸಿಗಿರುವ ಮೋಕ್ಷ ಅವಳಿಗಿಲ್ಲ. ಶೂದ್ರರ ಕಥೆಯೂ ಅದೇ. ಗಂಡನ ಸೇವೆಯೋ ಮೇಲ್ಜಾತಿಯ ಸೇವೆಯೋ ಮಾಡಿ, ಮುಂದೊಂದು ಜನ್ಮದಲ್ಲಿ ಬ್ರಾಹ್ಮಣ ಗಂಡಸಾಗಿ ಹುಟ್ಟಿದರೆ ಆಗ ನೋಡೋಣ.

ನನಗೆ ಇದು ಅವರ ಇಡೀ ಬದುಕಿನ ತಿರುವು ಅನ್ನಿಸುತ್ತದೆ. ಮತಗಳ ನಡುವೆ ಸಮಾನವಾದದ್ದನ್ನು ಹುಡುಕಿದರೆ ಒಳ್ಳೆಯದೇ ಸಿಗುತ್ತದೆ ಎಂದು ನಾವು ನಂಬಿದ್ದೇವೆ. ಆದರೆ ಯಾರ ಕಣ್ಣಿನಿಂದ ಹುಡುಕುತ್ತೀರಿ ಅನ್ನುವುದರ ಮೇಲೆ ಅದು ನಿಂತಿದೆ. ತಳದಿಂದ ನೋಡಿದ ರಮಾಬಾಯಿಗೆ ಸಿಕ್ಕ ಸಾಮಾನ್ಯ ಅಂಶ ತಿರಸ್ಕಾರ. ಬ್ರಹ್ಮಸಮಾಜದ ಕೇಶವಚಂದ್ರ ಸೇನರು ವೇದದ ಪ್ರತಿ ಕೊಟ್ಟು ಓದಲು ಹೇಳಿದರು. ತಂದೆ ಎಳೆದಿದ್ದ ಗೆರೆಯನ್ನೂ ದಾಟಿ ಓದಿದರು. ಸಮಾಧಾನ ಸಿಗಲಿಲ್ಲ.

1880ರಲ್ಲಿ ಅಣ್ಣ ತೀರಿಕೊಂಡ. ಅದೇ ನವೆಂಬರ್‌ನಲ್ಲಿ ಬಿಪಿನ್ ಬಿಹಾರಿ ದಾಸ್ ಎಂಬ ವಕೀಲರನ್ನು ರಮಾಬಾಯಿ ಸಿವಿಲ್ ಮದುವೆಯಾದರು. ವರ ಬಂಗಾಳಿ, ಬ್ರಾಹ್ಮಣರ ಲೆಕ್ಕದಲ್ಲಿ ಶೂದ್ರ. ಅಸ್ಸಾಂ ಕಡೆಯ ಸಿಲ್ಚಾರ್‌ನಲ್ಲಿ ಸಂಸಾರ. ಗಂಡನ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತು, ಊರಿನ ಬ್ಯಾಪ್ಟಿಸ್ಟ್ ಮಿಷನರಿಯೊಬ್ಬರು ಆದಿಕಾಂಡ ವಿವರಿಸಿದರು. ಮಿಷನ್ ಶಾಲೆಯಲ್ಲಿ ಓದಿದ್ದ ಗಂಡನಿಗೇ ಹೆಂಡತಿಯ ಈ ಆಸಕ್ತಿ ಹಿಡಿಸಲಿಲ್ಲ. ಆ ಜಗಳ ಮುಗಿಯುವ ಮೊದಲೇ, 1882ರ ಫೆಬ್ರವರಿಯಲ್ಲಿ, ಕಾಲರಾ ಅವರನ್ನು ಕೊಂಡೊಯ್ದಿತು. ಮಗಳು ಮನೋರಮಾಗೆ ಇನ್ನೂ ಒಂದು ವರ್ಷ ತುಂಬಿರಲಿಲ್ಲ.

ವಿಧವೆಯಾಗಿ ಪುಣೆಗೆ ಬಂದರು. ಆರ್ಯ ಮಹಿಳಾ ಸಮಾಜ ಕಟ್ಟಿದರು, 'ಸ್ತ್ರೀ ಧರ್ಮ ನೀತಿ' ಬರೆದರು, ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಂಗಸರಿಗೆ ಹೆಂಗಸರೇ ಶಿಕ್ಷಕಿಯರು, ವೈದ್ಯರು ಬೇಕು ಎಂದು ಸಾಕ್ಷ್ಯ ಹೇಳಿದರು. ಪುಸ್ತಕದ ದುಡ್ಡಿನಲ್ಲಿ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ವೈದ್ಯಕೀಯ ಓದುವ ಆಸೆಯಿತ್ತು, ಕಿವಿ ಮಂದವಾಗಿದ್ದರಿಂದ ಅದು ಆಗಲಿಲ್ಲ.

ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಕನ್ಯಾಮಠದಲ್ಲಿ ಇಳಿದುಕೊಂಡಿದ್ದರು. ಅಲ್ಲಿನ ಸಿಸ್ಟರ್‌ಗಳು ಲಂಡನ್ನಿನ ಫುಲಮ್‌ನಲ್ಲಿ, ಸಮಾಜ ಕೆಟ್ಟವರು ಎಂದು ಹೊರದೂಡಿದ ಹೆಂಗಸರಿಗಾಗಿ ಆಶ್ರಯ ಮನೆ ನಡೆಸುತ್ತಿದ್ದರು. ರಮಾಬಾಯಿ ಹೋಗಿ ನೋಡಿದರು. ಅಂಥ ಹೆಂಗಸರನ್ನು ಪ್ರೀತಿಯಿಂದ ನೋಡಿಕೊಳ್ಳುವುದೂ ಧರ್ಮದ ಕೆಲಸ ಎಂದು ಯಾರೂ ಅವರಿಗೆ ಹೇಳಿರಲಿಲ್ಲ. ನಾಯಿಗೆ, ಹಸುವಿಗೆ ದಯೆ ತೋರಿಸುವುದನ್ನು ಕಂಡಿದ್ದರು, ಇದನ್ನಲ್ಲ. ಯಾಕೆ ಹೀಗೆ ಎಂದು ಕೇಳಿದಾಗ ಒಬ್ಬ ಸಿಸ್ಟರ್ ಯೋಹಾನನ ಸುವಾರ್ತೆಯ ನಾಲ್ಕನೇ ಅಧ್ಯಾಯ ಓದಿ ಹೇಳಿದರು. ಮಧ್ಯಾಹ್ನದ ಬಿಸಿಲಲ್ಲಿ ಬಾವಿಗೆ ಬಂದ ಸಮಾರ್ಯದ ಹೆಂಗಸಿನ ಕಥೆ. ಯೆಹೂದ್ಯರು ಮುಟ್ಟದ ಜನಾಂಗದವಳು, ಐದು ಗಂಡಂದಿರನ್ನು ಕಂಡವಳು. ಯೇಸು ಅವಳ ಬಳಿ ನೀರು ಕೇಳುತ್ತಾನೆ. ಅವಳೊಡನೆ ಕೂತು, ದೇವರನ್ನು ಯಾವ ಬೆಟ್ಟದಲ್ಲಿ ಪೂಜಿಸಬೇಕು ಎಂಬ ಪಂಡಿತರ ಚರ್ಚೆ ಮಾಡುತ್ತಾನೆ.

ಕನ್ನಡ ಓದುಗರಿಗೆ ಈ ಕಥೆಯ ಶಕ್ತಿ ಬಿಡಿಸಿ ಹೇಳಬೇಕಿಲ್ಲ. ಬಾವಿ, ನೀರು, ಮುಟ್ಟಬಾರದವರ ಪಾತ್ರೆ. ನಮ್ಮ ಊರುಗಳಲ್ಲಿ ಎಷ್ಟು ಬಾವಿಗಳ ಸುತ್ತ ಎಷ್ಟು ರಕ್ತ ಬಿದ್ದಿಲ್ಲ? ರಮಾಬಾಯಿಗೆ ಇದು ಕಲ್ಕತ್ತಾದಲ್ಲಿ ಕಂಡ ಒಮ್ಮತದ ಎದುರು ನಿಂತ ಮಾತಾಗಿ ಕೇಳಿಸಿತು. ಇದು ಬೇರೆ. ಇದೂ ಅದೂ ಒಂದೇ ಅಲ್ಲ. 1883ರ ಸೆಪ್ಟೆಂಬರ್ 29ರಂದು ಮಗಳ ಜೊತೆ ದೀಕ್ಷಾಸ್ನಾನ ಪಡೆದರು.

ಪುಣೆ ಕೆಂಡವಾಯಿತು. ಮೇಲ್ಜಾತಿ ಸುಧಾರಕರೂ ಮುಖ ತಿರುಗಿಸಿದರು. ಬೆಂಬಲಕ್ಕೆ ಬಹಿರಂಗವಾಗಿ ನಿಂತವರು ಜ್ಯೋತಿರಾವ್ ಫುಲೆ. 1885ರ 'ಸತ್ಸಾರ'ದಲ್ಲಿ ಅವರು ರಮಾಬಾಯಿಯ ನಿರ್ಧಾರವನ್ನು ಸಮರ್ಥಿಸಿದರು. ಕ್ರೈಸ್ತರಾಗದೇ ಉಳಿದ ಫುಲೆಗೆ, ಶಾಸ್ತ್ರ ಓದಿದ ಹೆಣ್ಣೊಬ್ಬಳು ಶಾಸ್ತ್ರವನ್ನು ಬಿಟ್ಟು ನಡೆದದ್ದರ ಅರ್ಥ ಚೆನ್ನಾಗಿಯೇ ತಿಳಿದಿತ್ತು.

ಕಥೆ ಇಲ್ಲಿಗೇ ನಿಂತಿದ್ದರೆ ಇದು ಚರ್ಚಿನ ಭಾನುವಾರದ ಶಾಲೆಯ ಪಾಠವಾಗುತ್ತಿತ್ತು. ನಿಲ್ಲಲಿಲ್ಲ. ದೀಕ್ಷೆ ಪಡೆದ ಮರುದಿನದಿಂದಲೇ ಎನ್ನುವಷ್ಟು ಬೇಗ ರಮಾಬಾಯಿ ಚರ್ಚಿನ ಜೊತೆ ಜಗಳ ಶುರು ಮಾಡಿದರು. ತ್ರಯೇಕತ್ವ ಒಪ್ಪಲಿಲ್ಲ, ಕೆಲವು ಪವಾಡಗಳನ್ನು ಒಪ್ಪಲಿಲ್ಲ. ಮಾಂಸ ಮುಟ್ಟಲಿಲ್ಲ. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದು ಕೇಳಿದರು. ಚೆಲ್ಟನ್‌ಹ್ಯಾಮ್‌ನ ಮಹಿಳಾ ಕಾಲೇಜಿನಲ್ಲಿ ಸಂಸ್ಕೃತ ಕಲಿಸುತ್ತಿದ್ದವರು ಗಂಡುಹುಡುಗರಿಗೂ ಪಾಠ ಹೇಳುವ ಮಾತು ಬಂದಾಗ ಬಿಷಪ್‌ಗಳು ಬೇಡವೆಂದರು. ಭಾರತದಲ್ಲಿ ಇದರಿಂದ ಅವರ ಗೌರವ ಕೆಡುತ್ತದಂತೆ! ಗಂಡಸರ ಸಭೆಗಳಲ್ಲಿ ಶಾಸ್ತ್ರ ಹೇಳಿಯೇ ಬೆಳೆದವರಿಗೆ ಈ ಉಪದೇಶ. ಪುರೋಹಿತರ ಒಂದು ನೊಗ ಕಿತ್ತೆಸೆದು ಬಂದದ್ದು ಇನ್ನೊಂದಕ್ಕೆ ಕತ್ತು ಕೊಡಲಿಕ್ಕಲ್ಲ ಎಂಬ ಅರ್ಥದ ಪತ್ರಗಳನ್ನು ತಮ್ಮ ಗುರುಮಾತೆ ಸಿಸ್ಟರ್ ಜೆರಾಲ್ಡೀನ್‌ಗೆ ಬರೆದರು. ಆ ಪತ್ರಗಳು 1977ರಲ್ಲಿ ಪುಸ್ತಕವಾಗಿ ಬಂದಿವೆ, ಸಿಕ್ಕರೆ ಓದಿ. ಕ್ರೈಸ್ತರಲ್ಲೇ ಇರುವ ಪಂಗಡಗಳ ಗದ್ದಲ ನೋಡಿ ಅವರಿಗೆ ತಲೆ ಚಿಟ್ಟು ಹಿಡಿದಿತ್ತು. ಎಲ್ಲ ಧರ್ಮಗಳು ಹಾಗಿರಲಿ, ಒಂದೇ ಧರ್ಮದವರೇ ಒಂದನ್ನೇ ಹೇಳುತ್ತಿರಲಿಲ್ಲ.

ನಮ್ಮ ವಾದಗಳಲ್ಲಿ ಎರಡೇ ಬಣ್ಣ ಇರುತ್ತವೆ. ಎಲ್ಲ ಸತ್ಯಗಳೂ ಸಮ, ಇಲ್ಲವೇ ನನ್ನ ಸತ್ಯ ಮಾತ್ರ ಸತ್ಯ, ಉಳಿದವರು ಬಾಯಿ ಮುಚ್ಚಿ. ರಮಾಬಾಯಿ ಎರಡಕ್ಕೂ ಸೇರುವುದಿಲ್ಲ. ಧರ್ಮಗಳ ನಡುವಿನ ವ್ಯತ್ಯಾಸ ನಿಜ, ಅದನ್ನು ತೂಗಿ ನೋಡಬಹುದು, ನೋಡಬೇಕು, ಆರಿಸಿಕೊಂಡದ್ದನ್ನೂ ಮತ್ತೆ ಪ್ರಶ್ನಿಸಬಹುದು. ನಾನು ಅರ್ಥ ಮಾಡಿಕೊಂಡ ಮಟ್ಟಿಗೆ ಅವರ ನಿಲುವು ಇದು. ಫೋಟೋವನ್ನು ಕಂಪ್ರೆಸ್ ಮಾಡುತ್ತಾ ಹೋದರೆ ಕೊನೆಗೆ ಎಲ್ಲ ಮುಖಗಳೂ ಒಂದೇ ತರಹದ ಚೌಕಗಳಾಗುತ್ತವೆ. ಹಾಗಂತ ಮುಖಗಳು ಒಂದೇ ಆಗಿದ್ದವು ಅಂತಲ್ಲ.

1886ರಲ್ಲಿ ಬಂಧು ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ವೈದ್ಯೆಯಾದಾಗ ಸಮಾರಂಭಕ್ಕೆಂದು ಅಮೆರಿಕಕ್ಕೆ ಹೋದರು. ಎರಡು ವರ್ಷಕ್ಕೂ ಮಿಕ್ಕಿ ಉಳಿದರು. ಮೇಲ್ಜಾತಿ ಹಿಂದೂ ಹೆಣ್ಣಿನ ಪಾಡಿನ ಬಗ್ಗೆ 1887ರಲ್ಲಿ ಇಂಗ್ಲಿಷ್ ಪುಸ್ತಕ ಬರೆದರು, ಬಾಸ್ಟನ್‌ನಲ್ಲಿ ರಮಾಬಾಯಿ ಅಸೋಸಿಯೇಷನ್ ಹುಟ್ಟಿತು. ಆ ದುಡ್ಡಿನಿಂದ 1889ರ ಮಾರ್ಚ್ 11ರಂದು ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆಯಿತು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳು ಗೋದೂಬಾಯಿ, ಮುಂದೆ ಧೋಂಡೊ ಕೇಶವ ಕರ್ವೆಯವರ ಪತ್ನಿಯಾದವಳು.

ಸದನದ ಷರತ್ತು ಧಾರ್ಮಿಕ ತಟಸ್ಥತೆ. ಯಾರಿಗೂ ಯಾವುದನ್ನೂ ಬೋಧಿಸುವಂತಿಲ್ಲ. ರಮಾಬಾಯಿ ಬೋಧಿಸಲಿಲ್ಲ, ಆದರೆ ತಮ್ಮ ಕೋಣೆಯಲ್ಲಿ ಮಗಳ ಜೊತೆ ಪ್ರಾರ್ಥನೆ ಮಾಡುವಾಗ ಬಾಗಿಲು ಮುಚ್ಚುತ್ತಿರಲಿಲ್ಲ. ಹುಡುಗಿಯರು ಬಂದು ಕೂರತೊಡಗಿದರು. ತಿಲಕರ 'ಕೇಸರಿ' ದಾಳಿ ಮಾಡಿತು. 1893ರಲ್ಲಿ ಸಲಹಾ ಸಮಿತಿಯಲ್ಲಿದ್ದ ರಾನಡೆ, ಭಂಡಾರ್ಕರ್ ಅವರಂಥವರೂ ಹೊರನಡೆದರು. ಹಲವು ಮನೆಯವರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ತೆರೆದ ಬಾಗಿಲು ತಟಸ್ಥವಾ? ವಯಸ್ಸಿಗೆ ಬಾರದ, ಆಶ್ರಯಕ್ಕಾಗಿ ನಿಮ್ಮನ್ನೇ ನಂಬಿದ ಹುಡುಗಿಗೆ ನಿಮ್ಮ ಪ್ರಾರ್ಥನೆಯ ಸದ್ದು ಬರೀ ಸದ್ದಲ್ಲ ಎಂದು ನನಗೂ ಅನ್ನಿಸುತ್ತದೆ. ಆದರೆ ಆ ಹುಡುಗಿಯರ ತಲೆ ಬೋಳಿಸಿ ಕತ್ತಲ ಕೋಣೆಗೆ ತಳ್ಳಿದ್ದ ಮನೆಗಳೇ ಅವರ ಆಯ್ಕೆಯ ಸ್ವಾತಂತ್ರ್ಯದ ಬಗ್ಗೆ ಕಣ್ಣೀರಿಟ್ಟದ್ದು ಆಗಿನ ಕಾಲದ ದೊಡ್ಡ ನಾಟಕ.

ಅದೇ 1893ರ ಸೆಪ್ಟೆಂಬರ್‌ನಲ್ಲಿ ವಿವೇಕಾನಂದರು ಚಿಕಾಗೋದಲ್ಲಿ ಎಲ್ಲ ಧರ್ಮಗಳೂ ಸತ್ಯವೆಂದು ಸಾರಿದರು. ಆ ಭಾಷಣ ನಮಗೆಲ್ಲ ಗೊತ್ತು, ಶಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದಾರೆ. ಗೊತ್ತಿಲ್ಲದ್ದು ಅದರ ಮುಂದುವರಿಕೆ. 1895ರ ಆರಂಭದಲ್ಲಿ ಬ್ರೂಕ್ಲಿನ್‌ನ ರಮಾಬಾಯಿ ಸರ್ಕಲ್‌ನ ಹೆಂಗಸರಿಗೂ ಅವರಿಗೂ ಪತ್ರಿಕೆಗಳಲ್ಲೇ ಜಟಾಪಟಿ ನಡೆಯಿತು. ವಿಧವೆಯರ ಕಷ್ಟದ ವರ್ಣನೆ ಅತಿಶಯೋಕ್ತಿ ಎಂಬುದು ಸ್ವಾಮೀಜಿಯ ವಾದ. ಪರದೇಶದಲ್ಲಿ ನಿಂದನೆಗೆ ಒಳಗಾದ ನಾಡಿನ ಮಾನ ಕಾಯುತ್ತಿದ್ದರು ಎಂಬುದು ಅರ್ಥವಾಗುತ್ತದೆ, ತಾಯ್ನಾಡಿನಲ್ಲಿ ಅವರೇ ಜಾತಿಯ ಕ್ರೌರ್ಯವನ್ನು ಬಯ್ದವರು. ಆದರೂ, ಎಲ್ಲ ಧರ್ಮಗಳನ್ನೂ ಒಪ್ಪುವ ದೊಡ್ಡ ಮನಸ್ಸು ತನ್ನ ಧರ್ಮದ ಬಗ್ಗೆ ದೂರು ಹೇಳುವ ಹೆಂಗಸಿನ ಮುಂದೆ ಯಾಕೆ ಚಿಕ್ಕದಾಯಿತು ಎಂಬುದು ಕೇಳಬೇಕಾದ ಪ್ರಶ್ನೆಯೇ.

ಇನ್ನು ರಮಾಬಾಯಿ ಬ್ರಿಟಿಷರ ಕೈಗೊಂಬೆ ಅನ್ನುವವರಿಗೆ ಒಂದೆರಡು ಮಾತು. 1889ರ ಮುಂಬೈ ಕಾಂಗ್ರೆಸ್ ಅಧಿವೇಶನದಲ್ಲಿ ಪಾಲ್ಗೊಂಡ ಬೆರಳೆಣಿಕೆಯ ಮಹಿಳಾ ಪ್ರತಿನಿಧಿಗಳಲ್ಲಿ ಅವರೂ ಇದ್ದರು. ರಖಮಾಬಾಯಿಯನ್ನು ಇಷ್ಟವಿಲ್ಲದ ಗಂಡನ ಮನೆಗೆ ಹೋಗು ಎಂದ ಇಂಗ್ಲಿಷ್ ನ್ಯಾಯಾಲಯವನ್ನು ಕಟುವಾಗಿ ಟೀಕಿಸಿದರು. 1897ರ ಪುಣೆ ಪ್ಲೇಗ್ ಸಮಯದಲ್ಲಿ ಸರ್ಕಾರಿ ಶಿಬಿರದಲ್ಲಿ ಹೆಣ್ಣುಮಕ್ಕಳಿಗೆ ಆದ ಅನ್ಯಾಯವನ್ನು ಪತ್ರಿಕೆಗೆ ಬರೆದು ಗವರ್ನರ್‌ನ ಕಣ್ಣು ಕೆಂಪಾಗಿಸಿದರು.

ಅಷ್ಟರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರಗಾಲ ಬಂತು. ಬರ ಅಂದರೆ ಏನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೋಗಿ ನೂರಾರು ಹುಡುಗಿಯರನ್ನು ಕರೆತಂದರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಸದನ ಬೆಳೆಯಿತು. 1900ರ ಗುಜರಾತ್ ಬರದ ಹೊತ್ತಿಗೆ ಅಲ್ಲಿ ಸುಮಾರು 2000 ಜನ. ಹೊಲ, ಮಗ್ಗ, ಎಣ್ಣೆಗಾಣ, ಕುರುಡರಿಗೆ ಬ್ರೈಲ್ ಪಾಠ, ಹೆಂಗಸರೇ ನಡೆಸುವ ಮುದ್ರಣಾಲಯ. ಇಲ್ಲಿ ತಟಸ್ಥತೆಯ ಮಾತಿರಲಿಲ್ಲ, ಅದು ನೇರವಾಗಿ ಕ್ರೈಸ್ತ ಸಂಸ್ಥೆ. ಹಸಿದ ಮಗುವಿಗೆ ಅನ್ನ ಕೊಟ್ಟ ಕೈಯೇ ಬೈಬಲ್ಲನ್ನೂ ಕೊಟ್ಟರೆ ಆ ಮಗು ಆರಿಸಿಕೊಂಡಿತು ಅನ್ನಲಾಗದು. ಕ್ರೈಸ್ತನಾದ ನಾನೇ ಇದನ್ನು ಹೇಳದಿದ್ದರೆ ಉಳಿದದ್ದು ಹೇಳುವ ಹಕ್ಕು ನನಗಿರುವುದಿಲ್ಲ. 1905ರಲ್ಲಿ ಅಲ್ಲಿ ನಡೆದ ಭಾವಾವೇಶದ ಪುನರುಜ್ಜೀವನದ ಬಗ್ಗೆಯೂ ನನಗೆ ಅಷ್ಟು ಒಲವಿಲ್ಲ. ಆದರೆ ಆ ಹುಡುಗಿಯರನ್ನು ಕರೆತರಲು ರಮಾಬಾಯಿ ತಾವೇ ಹೋದರು ಅನ್ನುವುದೂ ದಾಖಲೆಯಲ್ಲಿದೆಯಲ್ಲ.

ರಮಾಬಾಯಿ ತಮ್ಮ ಬಗ್ಗೆಯೇ ಕಠಿಣವಾದ ಒಂದು ಮಾತು ಹೇಳಿಕೊಂಡಿದ್ದರು. 1883ರಲ್ಲಿ ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತ ಸಿಕ್ಕಿದ್ದು ಅದಾಗಿ ಎಂಟು ವರ್ಷಗಳ ಮೇಲೆ, ಎಂಬ ಅರ್ಥದ್ದು. ಸಿದ್ಧಾಂತ ಒಪ್ಪುವುದು ಬೇರೆ, ನಂಬಿದವನ ಕೈ ಹಿಡಿಯುವುದು ಬೇರೆ. ಎಲ್ಲ ಧರ್ಮಗಳ ಬೋಧನೆ ಒಂದೇ ಅಂದಾಗ ಕ್ರೈಸ್ತನೊಬ್ಬನಿಗೆ ಸಣ್ಣಗೆ ಕಿರಿಕಿರಿ ಆಗೋದು ಇಲ್ಲಿಯೇ. ಸುಳ್ಳು ಹೇಳಬೇಡ, ನೆರೆಯವನನ್ನು ಪ್ರೀತಿಸು ಅನ್ನುವ ಬೋಧನೆ ಎಲ್ಲ ಕಡೆ ಇದೆ, ಇಲ್ಲ ಅಂದವರ್ಯಾರು? ನಮ್ಮ ನಂಬಿಕೆ ನಿಂತಿರುವುದು ಬೋಧನೆಯ ಪಟ್ಟಿಯ ಮೇಲಲ್ಲ, ಬಾವಿಕಟ್ಟೆಗೆ ಬಂದು ಕೂತ ಒಬ್ಬ ವ್ಯಕ್ತಿಯ ಮೇಲೆ. ಇದನ್ನು ನೀವು ನಂಬಬೇಕಿಲ್ಲ. ಆದರೆ ನಾನು ನಂಬಿರುವುದು ನೀವು ನಂಬಿರುವುದೇ ಎಂದು ನನಗೆ ಹೇಳಬೇಡಿ.

ಈಗ ನಮ್ಮ ವಿಧಾನಸೌಧಕ್ಕೆ ಬರೋಣ. 2022ರಲ್ಲಿ ಕರ್ನಾಟಕ ತಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯ ಪ್ರಕಾರ ಮತ ಬದಲಿಸುವವರು 30 ದಿನ ಮೊದಲೇ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಅಕ್ರಮ ಮತಾಂತರಕ್ಕೆ ಸಾಮಾನ್ಯ ಶಿಕ್ಷೆ 3ರಿಂದ 5 ವರ್ಷ. ಮತಾಂತರವಾದವರು ಅಪ್ರಾಪ್ತರು, ಬುದ್ಧಿಭ್ರಮಣೆಯುಳ್ಳವರು, ಮಹಿಳೆಯರು ಅಥವಾ ಪರಿಶಿಷ್ಟ ಜಾತಿ, ಪಂಗಡದವರಾದರೆ 3ರಿಂದ 10 ವರ್ಷ. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಇದನ್ನು ರದ್ದುಮಾಡಲು ತೀರ್ಮಾನಿಸಿತು. ಆದರೂ ಆ ಪಟ್ಟಿಯನ್ನು ಇನ್ನೊಂದು ಸಲ ಓದಿ. ವಯಸ್ಕ ಹೆಣ್ಣು, ವಯಸ್ಕ ದಲಿತ, ಮಗು, ಬುದ್ಧಿ ಸ್ಥಿಮಿತವಿಲ್ಲದವರು, ಎಲ್ಲರೂ ಒಂದೇ ಸಾಲಿನಲ್ಲಿ. ರಕ್ಷಣೆಗಾಗಿ ಅಂತ ಹೇಳಿದರು. ಏಳು ಭಾಷೆ ಬಲ್ಲ, ವೇದದಿಂದ ಬೈಬಲ್‌ವರೆಗೆ ಮೂಲದಲ್ಲೇ ಓದಿದ ರಮಾಬಾಯಿ ಕಲ್ಕತ್ತಾದಲ್ಲಿ ಗುರುತಿಸಿದ ಆ ಎರಡು ಗುಂಪುಗಳ ಹೆಸರು ಮತ್ತೆ ಜೊತೆಯಾಗಿ ಬಂದದ್ದು ಇಲ್ಲಿ, ಆಯ್ಕೆ ಮಾಡುವ ಬುದ್ಧಿ ಸಾಲದವರಾಗಿ.

ಕೊನೆಯ ಹದಿನೈದು ಚಿಲ್ಲರೆ ವರ್ಷ ರಮಾಬಾಯಿ ಕೂತದ್ದು ಅನುವಾದಕ್ಕೆ. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲ್ಲನ್ನು ಮರಾಠಿಗೆ ತಂದರು. ಆಗಿದ್ದ ಮರಾಠಿ ಬೈಬಲ್ ಅವರಿಗೆ ಸಮಾಧಾನ ತಂದಿರಲಿಲ್ಲ, ಹಳ್ಳಿಯ ಹೆಂಗಸಿಗೆ ತಿಳಿಯದ ಸಂಸ್ಕೃತ, ಅದರಲ್ಲೂ ವೇದಾಂತದ ವಾಸನೆ ಅಂಟಿದ ಪದಗಳು. ಸಂಸ್ಕೃತದಲ್ಲೇ ಬಿರುದು ಪಡೆದವರು ಆ ಪದಗಳನ್ನು ಒಂದೊಂದಾಗಿ ತೆಗೆದು, ಮನೆಮಾತಿನ ಮರಾಠಿ ಇಟ್ಟರು. ಒಂದು ಧರ್ಮದ ಪದದೊಳಗೆ ಇನ್ನೊಂದರ ಅರ್ಥವನ್ನು ಸುಮ್ಮನೆ ಸುರಿಯಲಾಗದು ಎಂದು ಕಲ್ಕತ್ತಾದಲ್ಲಿ ಆ ಸಂಸ್ಕೃತ ಬೈಬಲ್ ಹಿಡಿದು ಕೂತಾಗಲೇ ಅವರಿಗೆ ಗೊತ್ತಾಗಿತ್ತು.

ಮಗಳು ಮನೋರಮಾ ಓದಿ ಬಂದು ತಾಯಿಗೆ ಬಲಗೈಯಾಗಿದ್ದರು. 1912ರಲ್ಲಿ ಗುಲ್ಬರ್ಗದಲ್ಲಿ ತಾಯಿ ಮಗಳು ಸೇರಿ ಶಾಲೆಯನ್ನೂ ತೆರೆದಿದ್ದರು, ಮನೋರಮಾ ಅದರ ಮುಖ್ಯಸ್ಥೆ. 1921ರ ಜುಲೈಯಲ್ಲಿ ಮನೋರಮಾ ತಾಯಿಗಿಂತ ಮೊದಲೇ ಹೊರಟುಹೋದರು. 1922ರ ಏಪ್ರಿಲ್ 5ರಂದು ರಮಾಬಾಯಿ ತೀರಿಕೊಂಡರು. ಅವರ ಬೈಬಲ್ ಮುದ್ರಣವಾಗಿ ಹೊರಬಂದದ್ದು 1924ರಲ್ಲಿ, ಕೇಡಗಾಂವ್‌ನ ಅದೇ ಮುದ್ರಣಾಲಯದಿಂದ. ಮೊಳೆ ಜೋಡಿಸಿ ಅಚ್ಚು ಹಾಕಿದವರಲ್ಲಿ ಬರಗಾಲದಿಂದ ಬದುಕಿ ಬಂದ ಹುಡುಗಿಯರೂ ಇದ್ದರು.